ನಿಮ್ಮ ಮುಂದೆ ಯಾರು? ಪೈಥಾನ್‌ನಲ್ಲಿ ಒಂದು ಲಿಂಕ್ಡ್ ಲಿಸ್ಟ್

ಹೋದ ಸೆಮಿಸ್ಟರ್ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ಇಂಟರ್ನಲ್ಸ್‌ಗೆ ಎರಡು ದಿನ ಬಾಕಿ ಇತ್ತು. ರಾತ್ರಿ ಹನ್ನೊಂದೂವರೆ. ನನ್ನ ರೂಮ್‌ಮೇಟ್ ಲ್ಯಾಬ್ ಮ್ಯಾನ್ಯುಯಲ್ ತಂದು ನನ್ನ ಮಂಚದ ಮೇಲೆ ಹಾಕಿ, "ಇದೊಂದು ಪ್ರೋಗ್ರಾಮ್ ಕನ್ನಡದಾಗ ಹೇಳಪಾ" ಅಂದ. ಅವನು ಗದಗ ಕಡೆಯವನು. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಆಮೇಲೆ ಡಿಪ್ಲೊಮಾ, ಆಮೇಲೆ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಸೆಕೆಂಡ್ ಇಯರ್‌ಗೆ ಬಂದವನು. ಮೊದಲನೇ ಇಂಟರ್ನಲ್ಸ್‌ನಲ್ಲಿ ಅವನಿಗೆ ಬಂದಿದ್ದ ಮಾರ್ಕ್ಸ್ ಹೇಗಿತ್ತು ಅಂದ್ರೆ, ಈ ಸಲ ಎಡವಿದರೆ ಸಬ್ಜೆಕ್ಟೇ ಬ್ಯಾಕ್ ಆಗ್ತಿತ್ತು. ಪ್ರೋಗ್ರಾಮ್ ಯಾವುದು ಅಂತ ನೋಡಿದೆ. ಸಿಂಗ್ಲಿ ಲಿಂಕ್ಡ್ ಲಿಸ್ಟ್.

ಇಷ್ಟೇನಾ ಅನ್ಕೊಂಡೆ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಡೆಫಿನಿಷನ್ ಬಾಯಿಪಾಠ ಇತ್ತು, ಒಂದೇ ಉಸಿರಲ್ಲಿ ಹೇಳಿ ಮುಗಿಸಿದೆ. ಅವನು ಸುಮ್ಮನೆ ಕೇಳಿಸ್ಕೊಂಡು, "ಅದು ಮ್ಯಾನ್ಯುಯಲ್‌ನ್ಯಾಗೂ ಐತಿ. ಅಂದ್ರ ಏನು?" ಅಂದ. ಸರಿ, ಕನ್ನಡದಲ್ಲಿ ಹೇಳೋಣ ಅಂತ ಬಾಯಿ ತೆರೆದೆ. "ನೋಡ್ ಅಂದ್ರೆ... ಅದರಲ್ಲಿ ಡೇಟಾ ಇರುತ್ತೆ, ಆಮೇಲೆ ನೆಕ್ಸ್ಟ್ ನೋಡ್‌ನ ಅಡ್ರೆಸ್..." ಅಷ್ಟೇ. ಮುಂದಕ್ಕೆ ಹೋಗಲಿಲ್ಲ. ಅಡ್ರೆಸ್ ಯಾಕೆ ಬೇಕು, ಯಾರಿಗೆ ಬೇಕು, ಅದಿಲ್ಲದಿದ್ರೆ ಏನಾಗುತ್ತೆ ಅನ್ನೋ ಪ್ರಶ್ನೆಗೆ ನನ್ನ ಹತ್ರ ಒಂದು ವಾಕ್ಯವೂ ಇರಲಿಲ್ಲ. ನನಗೆ ಕನ್ನಡ ಬರಲ್ಲ ಅಂತಲ್ಲ, ಲಿಂಕ್ಡ್ ಲಿಸ್ಟ್ ಬರ್ತಿರಲಿಲ್ಲ. ಇಂಗ್ಲಿಷ್ ಅದನ್ನ ಇಷ್ಟು ದಿನ ಮುಚ್ಚಿಟ್ಟಿತ್ತು.

ಕೊನೆಗೆ ನೆನಪಿಗೆ ಬಂದಿದ್ದು ನಮ್ಮೂರಿನ ಡಾಕ್ಟರ್ ಕ್ಲಿನಿಕ್. ಅಲ್ಲಿ ಟೋಕನ್ ಇಲ್ಲ. ಸಂಜೆ ಹೋದ್ರೆ ಜಗಲಿ ಮೇಲೆ, ಬೆಂಚಿನ ಮೇಲೆ, ಎದುರುಗಡೆ ಬೇವಿನ ಮರದ ಕೆಳಗೆ, ಎಲ್ಲೆಂದ್ರಲ್ಲಿ ಜನ ಕೂತಿರ್ತಾರೆ. ಹೊಸದಾಗಿ ಬಂದವರು ಒಂದೇ ಪ್ರಶ್ನೆ ಕೇಳ್ತಾರೆ: "ಕೊನೆಗೆ ಬಂದೋರು ಯಾರು?" ಯಾರೋ ಕೈ ಎತ್ತುತ್ತಾರೆ. ಆ ಮುಖ ನೆನಪಿಟ್ಕೊಂಡ್ರೆ ಆಯ್ತು, ಎಲ್ಲಿ ಬೇಕಾದ್ರೂ ಹೋಗಿ ಕೂರಬಹುದು. ಪ್ರತಿಯೊಬ್ಬರಿಗೂ ಗೊತ್ತಿರೋದು ಒಂದೇ ಮುಖ, ತನ್ನ ಮುಂದೆ ಇರೋರದ್ದು. ಪೂರ್ತಿ ಸಾಲು ಯಾರ ತಲೆಯಲ್ಲೂ ಇಲ್ಲ, ಎಲ್ಲೂ ಬರೆದಿಟ್ಟೂ ಇಲ್ಲ. ಆದರೂ ಸಾಲು ಇದೆ.

ಇದನ್ನ ಪರೀಕ್ಷೆ ಹಾಲ್ ಜೊತೆ ಹೋಲಿಸಿ ನೋಡಿ. ಅಲ್ಲಿ ಯುಎಸ್‌ಎನ್ ಪ್ರಕಾರ ಒಬ್ಬರ ಪಕ್ಕ ಒಬ್ಬರು. ಮೂವತ್ತೇಳನೇ ಸೀಟು ಎಲ್ಲಿದೆ ಅಂದ್ರೆ ಲೆಕ್ಕ ಹಾಕಿ ನೇರ ಹೋಗಬಹುದು. ಅದು ಅರೇ. ಆದರೆ ಹತ್ತನೇ ಸೀಟಿನಲ್ಲಿ ಹೊಸಬರೊಬ್ಬರನ್ನ ಕೂರಿಸಬೇಕು ಅಂದ್ರೆ ಹತ್ತರಿಂದ ಆಚೆಗಿನ ಎಲ್ಲರೂ ಪೆನ್ನು, ಹಾಲ್ ಟಿಕೆಟ್ ಎತ್ಕೊಂಡು ಒಂದೊಂದು ಸೀಟು ಸರೀಬೇಕು. ಕ್ಲಿನಿಕ್ಕಿನಲ್ಲಿ ಹೊಸಬರು ಬಂದ್ರೆ ಯಾರೂ ಎದ್ದೇಳಲ್ಲ. ಅದರ ಬದಲು ಇನ್ನೊಂದು ಕಷ್ಟ ಇದೆ. "ಮೂವತ್ತೇಳನೆಯವರು ಯಾರು?" ಅಂತ ಕೇಳಿದ್ರೆ ಒಬ್ಬೊಬ್ಬರನ್ನೇ ವಿಚಾರಿಸ್ಕೊಂಡು ಹೋಗದೆ ಬೇರೆ ದಾರಿ ಇಲ್ಲ.

ರೂಮ್‌ಮೇಟ್‌ಗೆ ಇಲ್ಲಿಗೆ ಅರ್ಧ ಅರ್ಥ ಆಯ್ತು. ಉಳಿದರ್ಧಕ್ಕೆ ನಾನು ಲ್ಯಾಪ್‌ಟಾಪ್‌ನಲ್ಲಿ ಪೈಥಾನ್ ತೆಗೆದೆ. ಪರೀಕ್ಷೆ ಸಿ ಭಾಷೆಯಲ್ಲೇ ಇತ್ತು. ಆದರೆ ಸಿ ಯಲ್ಲಿ ಸ್ಟಾರ್, ಆರೋ, ಮ್ಯಾಲಾಕ್, ಟೈಪ್‌ಕಾಸ್ಟ್ ಇಷ್ಟೂ ಮೊದಲು ಕಣ್ಣಿಗೆ ಹೊಡೆಯುತ್ತೆ, ಐಡಿಯಾ ಎಲ್ಲೋ ಹಿಂದೆ ಉಳಿಯುತ್ತೆ. ಪೈಥಾನ್‌ನಲ್ಲಿ ಪಾಯಿಂಟರ್ ಅನ್ನೋ ಹೆಸರೇ ಇಲ್ಲ. ಯಾಕಂದ್ರೆ ಅಲ್ಲಿ ಎಲ್ಲಾ ವೇರಿಯೇಬಲ್ಲೂ ಒಂಥರಾ ಪಾಯಿಂಟರೇ. ಅ ಅನ್ನೋ ಹೆಸರು ಒಂದು ಆಬ್ಜೆಕ್ಟನ್ನ ತೋರಿಸ್ತಾ ಇದ್ದು, ನೀವು ಬ = ಅ ಅಂತ ಬರೆದ್ರೆ ಆಬ್ಜೆಕ್ಟ್ ಕಾಪಿ ಆಗಲ್ಲ. ಅದೇ ಆಬ್ಜೆಕ್ಟಿಗೆ ಇನ್ನೊಂದು ಹೆಸರು ಸಿಗುತ್ತೆ, ಅಷ್ಟೇ. ಮುಖ ನೆನಪಿಟ್ಕೊಳ್ಳೋದು ಅಂದೆನಲ್ಲ, ಅದೇ.

ಇನ್ನೊಂದು ಖುಷಿ ವಿಷಯ. 2008ರಲ್ಲಿ ಬಂದ ಪೈಥಾನ್ 3 ರಿಂದ ವೇರಿಯೇಬಲ್ ಹೆಸರನ್ನ ಕನ್ನಡದಲ್ಲೇ ಇಡಬಹುದು. ಕೀವರ್ಡ್‌ಗಳು (ಕ್ಲಾಸ್, ಡೆಫ್, ವೈಲ್, ಇಫ್ ಇತ್ಯಾದಿ) ಇಂಗ್ಲಿಷಲ್ಲೇ ಟೈಪ್ ಮಾಡಬೇಕು. ಇಲ್ಲಿ ಜೋರಾಗಿ ಓದ್ಕೊಳ್ಳೋಕೆ ಸುಲಭ ಆಗಲಿ ಅಂತ ಅವನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಸೆಲ್ಫ್, ನನ್ ಎರಡನ್ನೂ ನೀವು ಎಡಿಟರ್‌ನಲ್ಲಿ ಇಂಗ್ಲಿಷಲ್ಲೇ ಹಾಕ್ಕೊಳ್ಳಿ. ನೋಡ್ ಅನ್ನೋದಕ್ಕೆ ಕೊಂಡಿ ಅಂತ ಹೆಸರಿಟ್ಟೆ. ನೋಡ್ ಅಂದಾಗೆಲ್ಲ ರೂಮ್‌ಮೇಟ್ "ಏನ್ ನೋಡ್ಲಿ?" ಅಂತಿದ್ದ.

    ಕ್ಲಾಸ್ ಕೊಂಡಿ:
        ಡೆಫ್ __ಇನಿಟ್__(ಸೆಲ್ಫ್, ಮಾಹಿತಿ):
            ಸೆಲ್ಫ್.ಮಾಹಿತಿ = ಮಾಹಿತಿ
            ಸೆಲ್ಫ್.ಮುಂದೆ = ನನ್

ಒಂದು ಕೊಂಡಿ ಅಂದ್ರೆ ಕ್ಲಿನಿಕ್ಕಿನಲ್ಲಿ ಕೂತ ಒಬ್ಬ ಮನುಷ್ಯ. ಮಾಹಿತಿ ಅಂದ್ರೆ ಅವರ ಹೆಸರು. ಮುಂದೆ ಅಂದ್ರೆ ಅವರು ನೆನಪಿಟ್ಕೊಂಡಿರೋ ಮುಖ. ಈಗಷ್ಟೇ ಬಂದಿದ್ದಾರೆ, ಇನ್ನೂ ಯಾರನ್ನೂ ಕೇಳಿಲ್ಲ, ಅದಕ್ಕೆ ಅಲ್ಲಿ ನನ್, ಅಂದ್ರೆ ಯಾರೂ ಇಲ್ಲ. ಈಗ ಸಾಲು:

    ಕ್ಲಾಸ್ ಸರಪಳಿ:
        ಡೆಫ್ __ಇನಿಟ್__(ಸೆಲ್ಫ್):
            ಸೆಲ್ಫ್.ತಲೆ = ನನ್

        ಡೆಫ್ ಸೇರಿಸು(ಸೆಲ್ಫ್, ಮಾಹಿತಿ):
            ಹೊಸದು = ಕೊಂಡಿ(ಮಾಹಿತಿ)
            ಹೊಸದು.ಮುಂದೆ = ಸೆಲ್ಫ್.ತಲೆ
            ಸೆಲ್ಫ್.ತಲೆ = ಹೊಸದು

ತಲೆ ಅಂದ್ರೆ ಇಲ್ಲಿ ಡಾಕ್ಟರ್ ಬಾಗಿಲ ಹತ್ರ ಇರೋರು ಅಲ್ಲ, "ಕೊನೆಗೆ ಬಂದೋರು ಯಾರು" ಅಂದಾಗ ಕೈ ಎತ್ತೋರು. ಹೊಸಬರು ಮೊದಲು ಆ ಮುಖ ನೆನಪಿಟ್ಕೊಳ್ತಾರೆ. ಆಮೇಲೆ ಕೊನೆಗೆ ಬಂದೋರು ತಾವೇ ಆಗ್ತಾರೆ. ಸಾಲಿನಲ್ಲಿ ಐದು ಜನ ಇರಲಿ, ಐದು ಲಕ್ಷ ಇರಲಿ, ಕೆಲಸ ಇಷ್ಟೇ.

ಮೂರೇ ಸಾಲು. ಆದರೆ ಆ ರಾತ್ರಿ ನಾನು ಟೈಪ್ ಮಾಡುವಾಗ ಕೊನೆಯ ಎರಡು ಸಾಲು ಅದಲು ಬದಲು ಆಯ್ತು. ಮೊದಲು ತಲೆ = ಹೊಸದು, ಆಮೇಲೆ ಹೊಸದು.ಮುಂದೆ = ತಲೆ. ಮೂರು ಹೆಸರು ಸೇರಿಸಿ ಪ್ರಿಂಟ್ ಕೊಟ್ಟೆ. ಪರದೆ ಮೇಲೆ ಮೂರನೇ ಹೆಸರು ಬಂತು. ಮತ್ತೆ ಅದೇ. ಮತ್ತೆ ಅದೇ. ಕಂಟ್ರೋಲ್ ಸಿ ಒತ್ತೋವರೆಗೆ ನಿಲ್ಲಲಿಲ್ಲ. ರೂಮ್‌ಮೇಟ್ ನಗ್ತಾ, "ತನ್ನ ಮುಂದ ತಾನ ಕುಂತಾನ" ಅಂದ. ಸರಿಯಾಗೇ ಹೇಳಿದ. ಹೊಸಬನು "ಕೊನೆಗೆ ಬಂದೋನು ನಾನೇ" ಅಂತ ಮೊದಲೇ ಘೋಷಿಸಿ, ಆಮೇಲೆ "ಕೊನೆಗೆ ಬಂದೋರು ಯಾರು?" ಅಂತ ಕೇಳಿ, ತನ್ನ ಮುಖವನ್ನೇ ತಾನು ನೆನಪಿಟ್ಕೊಂಡ. ಅವನ ಸರದಿ ಯಾವತ್ತೂ ಬರಲ್ಲ. ಅವನಿಗಿಂತ ಮೊದಲು ಬಂದವರನ್ನ ಈಗ ಯಾರೂ ನೆನಪಿಟ್ಟಿಲ್ಲ.

ಈ ತಪ್ಪನ್ನ ಮನಸ್ಸಲ್ಲಿ ಇಟ್ಕೊಳ್ಳಿ, ಇದರ ಒಳಗೆ ಇನ್ನೊಂದು ವಿಷಯ ಇದೆ, ಆಮೇಲೆ ಬರ್ತೀನಿ. ಸಾಲು ಎಲ್ಲಾದರೂ ಸುತ್ತಿಕೊಂಡಿದೆಯಾ ಅಂತ ಕಂಡುಹಿಡಿಯೋಕೆ ಒಂದು ಒಳ್ಳೆ ಉಪಾಯ ಇದೆ, ಫ್ಲಾಯ್ಡ್ ಹೆಸರಲ್ಲಿ ಪ್ರಸಿದ್ಧ. ತಲೆಯಿಂದ ಇಬ್ಬರನ್ನ ಕಳಿಸಿ. ಒಬ್ಬ ಒಂದೊಂದು ಹೆಜ್ಜೆ, ಇನ್ನೊಬ್ಬ ಎರಡೆರಡು ಹೆಜ್ಜೆ. ಸುತ್ತು ಇಲ್ಲದಿದ್ರೆ ವೇಗದವನು ನನ್ ಮುಟ್ಟಿ ನಿಲ್ತಾನೆ. ಸುತ್ತು ಇದ್ರೆ ಇಬ್ಬರೂ ಒಂದಲ್ಲ ಒಂದು ಕಡೆ ಒಂದೇ ಕೊಂಡಿ ಮೇಲೆ ಸಿಕ್ಕೇ ಸಿಗ್ತಾರೆ, ಯಾಕಂದ್ರೆ ಪ್ರತಿ ಸಲ ಅವರ ನಡುವಿನ ಅಂತರ ಒಂದೊಂದೇ ಕಮ್ಮಿ ಆಗುತ್ತೆ.

ಇನ್ನು ಸಾಲಿನ ಉದ್ದಕ್ಕೂ ನಡೆಯೋದು. ಪೈಥಾನ್‌ನಲ್ಲಿ ಇದನ್ನ ಫಾರ್ ಲೂಪಿಗೆ ಒಗ್ಗಿಸೋಕೆ __ಇಟರ್__ ಬರೆದ್ರೆ ಸಾಕು:

    ಡೆಫ್ __ಇಟರ್__(ಸೆಲ್ಫ್):
        ಈಗ = ಸೆಲ್ಫ್.ತಲೆ
        ವೈಲ್ ಈಗ ಈಸ್ ನಾಟ್ ನನ್:
            ಯೀಲ್ಡ್ ಈಗ.ಮಾಹಿತಿ
            ಈಗ = ಈಗ.ಮುಂದೆ

ಇಲ್ಲಿ ಕೆಲವರು ಬುದ್ಧಿವಂತಿಕೆ ಮಾಡಿ ವೈಲ್ ಈಗ.ಮಾಹಿತಿ ಅಂತ ಬರೀತಾರೆ. ಮಾರ್ಕ್ಸ್ ಲಿಸ್ಟ್ ಹಾಕಿ ನೋಡಿ. ಸೊನ್ನೆ ತಗೊಂಡವನ ಹತ್ರ ಬಂದ ತಕ್ಷಣ ಲೂಪ್ ನಿಂತುಬಿಡುತ್ತೆ (ಮಾಹಿತಿ ಇರೋದೇ ಇಲ್ಲ ಅಂತ ಪೈಥಾನ್ ತಿಳ್ಕೊಳ್ಳುತ್ತೆ, ಸೊನ್ನೆಗೆ ಅಲ್ಲಿ ಫಾಲ್ಸ್‌ನ ಬೆಲೆ). ಅವನ ಆಚೆಗಿನವರು ಯಾರೂ ಪ್ರಿಂಟ್ ಆಗಲ್ಲ.

ಉದ್ದ ಎಣಿಸೋದನ್ನ ರಿಕರ್ಷನ್‌ನಲ್ಲಿ ಬರೆಯೋಕೆ ತುಂಬಾ ಆಸೆ ಆಗುತ್ತೆ. "ನನ್ನ ಉದ್ದ ಅಂದ್ರೆ ನನ್ನ ಮುಂದಿನವರ ಉದ್ದಕ್ಕೆ ಒಂದು ಕೂಡಿಸು." ಚೆಂದ ಕಾಣುತ್ತೆ. ಆದರೆ ಪೈಥಾನ್ ಸಾಮಾನ್ಯವಾಗಿ 1000 ಹಂತಕ್ಕಿಂತ ಆಳಕ್ಕೆ ಇಳಿಯೋಕೆ ಬಿಡಲ್ಲ, ರಿಕರ್ಷನ್ ಎರರ್ ಎಸೆಯುತ್ತೆ. ನಮ್ಮ ಲ್ಯಾಬಿನ ಐದು ಹೆಸರಿಗೆ ಚೆನ್ನಾಗೇ ಓಡುತ್ತೆ, ಅದಕ್ಕೇ ಈ ತಪ್ಪು ಲ್ಯಾಬ್‌ನಲ್ಲಿ ಯಾವತ್ತೂ ಸಿಕ್ಕಿಬೀಳಲ್ಲ.

ಎದ್ದು ಹೋಗೋದು

ರೂಮ್‌ಮೇಟ್ ಮೊದಲ ಇಂಟರ್ನಲ್ಸ್‌ನಲ್ಲಿ ಸಿಕ್ಕಿಹಾಕ್ಕೊಂಡಿದ್ದು ಡಿಲೀಟ್‌ನಲ್ಲಿ. ನಿಜ ಹೇಳಬೇಕಂದ್ರೆ ನಮ್ಮಲ್ಲಿ ಬಹಳ ಜನ ಅಲ್ಲೇ ಸಿಕ್ಕಿಹಾಕ್ಕೊಳ್ತಾರೆ.

ಕ್ಲಿನಿಕ್ಕಿಗೆ ವಾಪಸ್ ಹೋಗೋಣ. ಸಾಲಿನ ಮಧ್ಯದಲ್ಲಿದ್ದ ಅಜ್ಜಿಗೆ ಕಾದು ಕಾದು ಬೇಜಾರಾಗಿ ಮನೆಗೆ ಹೊರಟರು. ಅವರ ಮುಂದೆ ಇದ್ದಿದ್ದು ಕೆಂಪು ಶರ್ಟಿನ ಅಂಕಲ್. ಅವರ ಹಿಂದೆ, ಅಂದ್ರೆ ಅಜ್ಜಿಯ ಮುಖ ನೆನಪಿಟ್ಕೊಂಡಿರೋದು, ಮಗು ಎತ್ಕೊಂಡಿರೋ ಅಕ್ಕ. ಅಜ್ಜಿ ಸುಮ್ಮನೆ ಎದ್ದು ಹೋದ್ರೆ ಆ ಅಕ್ಕ ಕೆಟ್ಟರು. ಅವರು ಕಾಯ್ತಿರೋ ಮುಖವೇ ಅಲ್ಲಿಲ್ಲ. ಅದಕ್ಕೆ ಅಜ್ಜಿ ಹೋಗುವಾಗ, "ನೋಡವ್ವ, ನಾನು ಹೊಂಟೆ. ನನ್ ಮುಂದೆ ಆ ಕೆಂಪಂಗಿಯೋರು ಇದ್ರು, ಇನ್ಮೇಲೆ ನಿನ್ ಮುಂದೆ ಅವ್ರೇ" ಅಂತ ಹೇಳಿ ಹೋಗಬೇಕು. ಡಿಲೀಟ್ ಅಂದ್ರೆ ಈ ಒಂದು ಮಾತು. ಕೋಡ್‌ನಲ್ಲಿ ಹಿಂದಿನದು.ಮುಂದೆ = ಈಗ.ಮುಂದೆ.

    ಡೆಫ್ ತೆಗೆ(ಸೆಲ್ಫ್, ಮಾಹಿತಿ):
        ಹಿಂದಿನದು = ನನ್
        ಈಗ = ಸೆಲ್ಫ್.ತಲೆ
        ವೈಲ್ ಈಗ ಈಸ್ ನಾಟ್ ನನ್:
            ಇಫ್ ಈಗ.ಮಾಹಿತಿ == ಮಾಹಿತಿ:
                ಇಫ್ ಹಿಂದಿನದು ಈಸ್ ನನ್:
                    ಸೆಲ್ಫ್.ತಲೆ = ಈಗ.ಮುಂದೆ
                ಎಲ್ಸ್:
                    ಹಿಂದಿನದು.ಮುಂದೆ = ಈಗ.ಮುಂದೆ
                ರಿಟರ್ನ್ ಟ್ರೂ
            ಹಿಂದಿನದು = ಈಗ
            ಈಗ = ಈಗ.ಮುಂದೆ
        ರಿಟರ್ನ್ ಫಾಲ್ಸ್

ಹಿಂದಿನದು ಅನ್ನೋ ಎರಡನೇ ವೇರಿಯೇಬಲ್ ಯಾಕೆ ಅಂತ ರೂಮ್‌ಮೇಟ್ ಕೇಳಿದ. ಅಜ್ಜಿಗೆ ತನ್ನ ಮುಂದಿನವರು ಗೊತ್ತು, ತನ್ನನ್ನ ನೆನಪಿಟ್ಟಿರೋರು ಯಾರು ಅಂತ ಗೊತ್ತಿಲ್ಲ. ಸಿಂಗ್ಲಿ ಲಿಂಕ್ಡ್ ಲಿಸ್ಟ್‌ನ ಬಡತನ ಅದು. ಅದಕ್ಕೆ ನಾವು ಬರುವಾಗಲೇ "ಈಗಷ್ಟೇ ಯಾರನ್ನ ದಾಟಿ ಬಂದೆ" ಅನ್ನೋದನ್ನ ಕೈಯಲ್ಲಿ ಹಿಡ್ಕೊಂಡು ಬರ್ತೀವಿ. ಇನ್ನು ಎದ್ದು ಹೊರಟಿರೋದು ತಲೆಯೇ ಆಗಿದ್ರೆ ಅವರನ್ನ ನೆನಪಿಟ್ಟ ಕೊಂಡಿ ಯಾವುದೂ ಇಲ್ಲ, ಹಾಗಾಗಿ ಆ ಒಳಗಿನ ಇಫ್. ಈ ಇಫ್ ಇಷ್ಟ ಆಗಲಿಲ್ಲ ಅಂದ್ರೆ ತಲೆಯ ಜಾಗದಲ್ಲಿ ಯಾವಾಗ್ಲೂ ಒಂದು ಖಾಲಿ ಡಮ್ಮಿ ಕೊಂಡಿ ಕೂರಿಸಿಬಿಡಿ. ಆಗ ಪ್ರತಿಯೊಬ್ಬರ ಹಿಂದೆಯೂ ಒಬ್ಬರು ಇದ್ದೇ ಇರ್ತಾರೆ, ಸ್ಪೆಷಲ್ ಕೇಸ್ ಮಾಯ.

ಲಿಸ್ಟನ್ನ ಉಲ್ಟಾ ಮಾಡೋದು ಪ್ಲೇಸ್‌ಮೆಂಟ್ ಇಂಟರ್ವ್ಯೂಗಳಲ್ಲಿ ಬರುತ್ತೆ ಅಂತ ಸೀನಿಯರ್ಸ್ ಹೇಳ್ತಾನೇ ಇರ್ತಾರೆ. ಪೈಥಾನ್‌ನಲ್ಲಿ ಲೂಪಿನ ಒಳಗೆ ಒಂದೇ ಸಾಲು:

    ಹಿಂದಿನದು, ಈಗ.ಮುಂದೆ, ಈಗ = ಈಗ, ಹಿಂದಿನದು, ಈಗ.ಮುಂದೆ

ಬಲಗಡೆ ಇರೋದೆಲ್ಲ ಮೊದಲು ಲೆಕ್ಕ ಆಗುತ್ತೆ, ಆಮೇಲೆ ಎಡಗಡೆಗೆ ಒಂದೊಂದಾಗಿ, ಎಡದಿಂದ ಬಲಕ್ಕೆ, ಹಂಚಿಕೆ ಆಗುತ್ತೆ. ಎಲ್ಲಾ ಒಂದೇ ಸಲ ಆಗುತ್ತೆ ಅಂತ ನಂಬಿ, ಎಡಗಡೆ ಈಗ ಅನ್ನೋದನ್ನ ಈಗ.ಮುಂದೆಗಿಂತ ಮೊದಲು ಬರೆದು ನೋಡಿ (ಬಲಗಡೆನೂ ಅದೇ ಕ್ರಮಕ್ಕೆ ಬದಲಾಯಿಸಿ). ಎರಡನೇ ಸುತ್ತಿನಲ್ಲೇ ಈಗ ಅನ್ನೋದು ನನ್ ಆಗಿ, ನನ್‌ಗೆ ಮುಂದೆ ಅನ್ನೋ ಅಟ್ರಿಬ್ಯೂಟ್ ಇಲ್ಲ ಅಂತ ಎರರ್ ಬರುತ್ತೆ. ಇಂಟರ್ವ್ಯೂನಲ್ಲಿ ಇದನ್ನ ಶೋಕಿಗೆ ಬರೆಯೋ ಬದಲು ನಾಲ್ಕು ಸಾಲಲ್ಲಿ ನಿಧಾನಕ್ಕೆ ಬರೆಯೋದು ವಾಸಿ ಅನ್ನೋದು ನನ್ನ ಅಭಿಪ್ರಾಯ.

"ಫ್ರೀ ಎಲ್ಲೈತಿ?"

ತೆಗೆ ಫಂಕ್ಷನ್ ನೋಡಿದ ರೂಮ್‌ಮೇಟ್ ಕೇಳಿದ ಮುಂದಿನ ಪ್ರಶ್ನೆ ಇದು. ಸಿ ಯಲ್ಲಾದ್ರೆ ಕೊನೆಗೆ ಫ್ರೀ ಬರೆದು ಮೆಮೊರಿ ವಾಪಸ್ ಕೊಡಬೇಕು, ಬರೀದಿದ್ರೆ ಮಾರ್ಕ್ಸ್ ಕಟ್. ಇಲ್ಲಿ ಎಲ್ಲಿ?

ಪೈಥಾನ್ (ನಾವೆಲ್ಲ ಬಳಸೋ ಸಿಪೈಥಾನ್) ಪ್ರತಿ ಆಬ್ಜೆಕ್ಟಿನ ಜೊತೆ ಒಂದು ಲೆಕ್ಕ ಇಟ್ಟಿರುತ್ತೆ: ಇದನ್ನ ಎಷ್ಟು ಕಡೆಯಿಂದ ಹಿಡ್ಕೊಂಡಿದ್ದಾರೆ? ರೆಫರೆನ್ಸ್ ಕೌಂಟ್. ಅಜ್ಜಿಯನ್ನ ಹಿಡ್ಕೊಂಡಿದ್ದು ಎರಡು ಕಡೆಯಿಂದ, ಹಿಂದಿನ ಅಕ್ಕನ ಮುಂದೆ ಮತ್ತು ನಮ್ಮ ಫಂಕ್ಷನ್ನಿನ ಈಗ. ಅಕ್ಕನ ಮುಂದೆ ಕೆಂಪಂಗಿಗೆ ತಿರುಗಿದಾಗ ಲೆಕ್ಕ ಒಂದಕ್ಕೆ ಇಳೀತು. ಫಂಕ್ಷನ್ ಮುಗಿದಾಗ ಈಗ ಕೂಡ ಹೋಯ್ತು, ಲೆಕ್ಕ ಸೊನ್ನೆ. ಆ ಕ್ಷಣಕ್ಕೆ ಮೆಮೊರಿ ವಾಪಸ್. ತಲೆಯನ್ನೇ ನನ್ ಮಾಡಿದ್ರೆ ಮೊದಲ ಕೊಂಡಿ ಸೊನ್ನೆ ಆಗಿ ಬೀಳುತ್ತೆ, ಅದು ಹಿಡಿದಿದ್ದ ಎರಡನೆಯದು ಸೊನ್ನೆ ಆಗುತ್ತೆ, ಹೀಗೆ ಇಡೀ ಸಾಲು ಕಳಚಿ ಬೀಳುತ್ತೆ.

ಈಗ ನನ್ನ ಅದಲು ಬದಲು ತಪ್ಪಿಗೆ ವಾಪಸ್ ಬನ್ನಿ. ಮೊದಲ ಹೆಸರು ತನ್ನನ್ನ ತಾನೇ ಹಿಡ್ಕೊಂಡಿದೆ. ಎರಡನೆಯದು ಬಂದಾಗ ತಲೆ ಅದರ ಕಡೆ ತಿರುಗಿತು. ಮೊದಲನೆಯದನ್ನ ಹೊರಗಿನಿಂದ ಯಾರೂ ಹಿಡಿದಿಲ್ಲ, ಆದರೆ ಲೆಕ್ಕ ಸೊನ್ನೆ ಅಲ್ಲ, ಒಂದು! ಆ ಒಂದು ಅದರದ್ದೇ ಕೈ. ರೆಫರೆನ್ಸ್ ಕೌಂಟ್ ಮಾತ್ರ ನಂಬಿದ್ರೆ ಇದು ಯಾವತ್ತೂ ಫ್ರೀ ಆಗಲ್ಲ. ಇಂಥ ಸುತ್ತುಗಳನ್ನ ಹುಡುಕಿ ತೆಗೆಯೋಕೆ ಅಂತಲೇ ಪೈಥಾನ್‌ನಲ್ಲಿ ಇನ್ನೊಬ್ಬ ಕೆಲಸಗಾರ ಇದ್ದಾನೆ, ಸೈಕಲ್ ಹುಡುಕುವ ಗಾರ್ಬೇಜ್ ಕಲೆಕ್ಟರ್. 2000ದಲ್ಲಿ ಬಂದ ಪೈಥಾನ್ 2.0 ರಲ್ಲಿ ಇದು ಸೇರಿತು. ಅದು ಆಗಾಗ ಬಂದು, "ನಿಮ್ಮನ್ನ ಹಿಡ್ಕೊಂಡಿರೋರೆಲ್ಲ ನಿಮ್ಮ ಗುಂಪಿನೊಳಗಿನವರೇನಾ? ಹೊರಗಿನವರು ಯಾರೂ ಇಲ್ವಾ?" ಅಂತ ಪರೀಕ್ಷಿಸಿ ಗುಂಪನ್ನೇ ಎತ್ತಿ ಹಾಕುತ್ತೆ. ಡಬ್ಲಿ ಲಿಂಕ್ಡ್ ಲಿಸ್ಟ್‌ನಲ್ಲಿ ಅಕ್ಕಪಕ್ಕದ ಎರಡು ಕೊಂಡಿ ಒಂದನ್ನೊಂದು ಹಿಡಿದಿರೋದ್ರಿಂದ ಅಲ್ಲಿ ಪ್ರತಿ ಜೋಡಿಯೂ ಇಂಥದೇ ಸುತ್ತು.

ಇತಿಹಾಸ ಓದಿದಾಗ ನನಗೆ ಆಶ್ಚರ್ಯ ಆಗಿದ್ದು, ಇದೆಲ್ಲ ಶುರುವಾಗಿದ್ದೇ ಲಿಸ್ಟ್‌ಗಳಿಂದ. 1955-56ರಲ್ಲಿ ಅಮೆರಿಕದ ರಾಂಡ್ ಕಾರ್ಪೊರೇಷನ್‌ನಲ್ಲಿ ಅಲೆನ್ ನ್ಯೂವೆಲ್, ಕ್ಲಿಫ್ ಶಾ, ಹರ್ಬರ್ಟ್ ಸೈಮನ್ ಮೂವರೂ ತರ್ಕಶಾಸ್ತ್ರದ ಪ್ರಮೇಯಗಳನ್ನ ಸಾಧಿಸೋ ಲಾಜಿಕ್ ಥಿಯರಿಸ್ಟ್ ಅನ್ನೋ ಪ್ರೋಗ್ರಾಮ್ ಬರೀತಿದ್ರು. ಒಂದೊಂದು ಸೂತ್ರ ಎಷ್ಟು ಬೆಳೆಯುತ್ತೆ ಅಂತ ಮೊದಲೇ ಗೊತ್ತಿಲ್ಲ. ಇಂತಿಷ್ಟು ಜಾಗ ಅಂತ ಕಾಯ್ದಿರಿಸೋದು ಹೇಗೆ? ಮೆಮೊರಿಯಲ್ಲಿ ಎಲ್ಲೆಲ್ಲಿ ಖಾಲಿ ಇದೆಯೋ ಅಲ್ಲಲ್ಲೇ ತುಂಡು ತುಂಡಾಗಿ ಇಟ್ಟು, ಒಂದರಲ್ಲಿ ಮುಂದಿನದರ ವಿಳಾಸ ಬರೆದಿಟ್ರು. ಅದಕ್ಕಾಗಿ ಐಪಿಎಲ್ ಅನ್ನೋ ಭಾಷೆಯನ್ನೇ ಮಾಡಿದ್ರು (ಕ್ರಿಕೆಟ್ ಅಲ್ಲ, ಇನ್ಫರ್ಮೇಷನ್ ಪ್ರೊಸೆಸಿಂಗ್ ಲ್ಯಾಂಗ್ವೇಜ್). ಆಮೇಲೆ ಜಾನ್ ಮೆಕಾರ್ಥಿ ಲಿಸ್ಟನ್ನೇ ಜೀವಾಳ ಮಾಡ್ಕೊಂಡ ಲಿಸ್ಪ್ ತಂದ್ರು, ಅದರ ಜೊತೆಗೇ ಗಾರ್ಬೇಜ್ ಕಲೆಕ್ಷನ್ ಹುಟ್ಟಿತು. 1960ರಲ್ಲಿ ಜಾರ್ಜ್ ಕಾಲಿನ್ಸ್ ರೆಫರೆನ್ಸ್ ಕೌಂಟ್ ಉಪಾಯ ಮುಂದಿಟ್ಟಿದ್ದು ಕೂಡ ಲಿಸ್ಟ್‌ಗಳನ್ನ ಅಳಿಸೋ ಸಮಸ್ಯೆಗೇ.

ಲಿಸ್ಟ್ ಇರುವಾಗ ಇದು ಯಾಕೆ?

ಇದು ನನಗೆ ವೈವಾದಲ್ಲಿ ಬರಬಹುದು ಅಂತ ಹೆದರಿದ್ದ ಪ್ರಶ್ನೆ. ಪೈಥಾನ್‌ನ ಲಿಸ್ಟ್ ಅನ್ನೋ ಹೆಸರು ನಮ್ಮನ್ನ ದಾರಿ ತಪ್ಪಿಸುತ್ತೆ, ಅದು ಲಿಂಕ್ಡ್ ಲಿಸ್ಟ್ ಅಲ್ಲವೇ ಅಲ್ಲ. ಅದು ಅರೇ. ಪಕ್ಕಪಕ್ಕದಲ್ಲಿ ಸಾಲಾಗಿ ಪಾಯಿಂಟರ್‌ಗಳು, 64 ಬಿಟ್ ಮಷಿನ್‌ನಲ್ಲಿ ಒಂದೊಂದಕ್ಕೆ 8 ಬೈಟ್. ಕೊನೆಗೆ ಸೇರಿಸೋದು ಸಲೀಸು. ಮೊದಲಿಗೆ ಸೇರಿಸಿದ್ರೆ ಇದ್ದದ್ದೆಲ್ಲ ಒಂದೊಂದು ಸ್ಥಾನ ಸರೀಬೇಕು, ಪರೀಕ್ಷೆ ಹಾಲಿನ ಕಥೆ. ಖಾಲಿ ಲಿಸ್ಟಿನ ತಲೆಗೆ ಒಂದೊಂದಾಗಿ 1,00,000 ಐಟಂ ಸೇರಿಸಿದ್ರೆ ಒಟ್ಟು ಸರಿಯೋದು ಎಷ್ಟು? ಸೊನ್ನೆ, ಒಂದು, ಎರಡು, ಹೀಗೆ 99,999 ತನಕ ಕೂಡಿಸಿ. ಹತ್ತಿರ ಹತ್ತಿರ 500 ಕೋಟಿ. ನಮ್ಮ ಸರಪಳಿಯಲ್ಲಿ ಅದೇ ಕೆಲಸಕ್ಕೆ ಸರಿಯೋದು ಸೊನ್ನೆ.

ಹಾಗಂತ ಸರಪಳಿ ಗೆದ್ದುಬಿಡ್ತು ಅಂತಲ್ಲ. ನಮ್ಮ ಒಂದೊಂದು ಕೊಂಡಿ ಒಂದು ಪೂರ್ತಿ ಆಬ್ಜೆಕ್ಟ್. __ಸ್ಲಾಟ್ಸ್__ ಹಾಕಿ ಬಿಗಿ ಮಾಡಿದ್ರೂ ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಕೊಂಡಿಗೆ 48 ಬೈಟ್, ಲಿಸ್ಟಿನ 8ರ ಎದುರು. ಮೇಲಾಗಿ ಕೊಂಡಿಗಳು ಮೆಮೊರಿಯಲ್ಲಿ ಚದುರಿ ಕೂತಿರ್ತವೆ. ಅರೇಯಲ್ಲಿ ಒಂದನ್ನ ಓದಿದಾಗ ಅದರ ಅಕ್ಕಪಕ್ಕದವೂ ಕ್ಯಾಶ್‌ಗೆ ಬಂದಿರುತ್ತೆ, ಇಲ್ಲಿ ಆ ಅದೃಷ್ಟ ಕಮ್ಮಿ. ಆ 500 ಕೋಟಿ ಸರಿಯೋದನ್ನೂ ಪ್ರೊಸೆಸರ್ ಮೆಮೊರಿಯ ದೊಡ್ಡ ತುಂಡನ್ನ ಒಟ್ಟಿಗೇ ತಳ್ಳಿ ಕೆಲವೇ ಸೆಕೆಂಡಲ್ಲಿ ಮುಗಿಸುತ್ತೆ. ಪ್ರಾಜೆಕ್ಟ್‌ಗೆ ಪೈಥಾನ್ ಬರೆಯುವಾಗ ಸ್ವಂತ ಲಿಂಕ್ಡ್ ಲಿಸ್ಟ್ ಬರೆಯೋ ಸಂದರ್ಭ ಬರೋದು ಬಹಳ ಅಪರೂಪ.

ಆದರೆ ಬೇರೆಯವರು ಬರೆದಿದ್ದನ್ನ ದಿನಾ ಬಳಸ್ತೀವಿ. ನಮ್ಮ ಸರಪಳಿಗೆ ಒಂದು ದೊಡ್ಡ ದೋಷ ಇತ್ತಲ್ಲ, ಡಾಕ್ಟರ್ ಬಾಗಿಲ ಹತ್ರ ಇರೋರನ್ನ ಒಳಗೆ ಕಳಿಸೋಕೆ ತಲೆಯಿಂದ ಅಲ್ಲಿಯವರೆಗೂ ನಡೀಬೇಕು. (ಕ್ಲಿನಿಕ್ಕಿನಲ್ಲಿ ಅವರೇ ನೋಡ್ಕೊಂಡು ಎದ್ದು ಹೋಗ್ತಾರೆ, ಕೊಂಡಿಗೆ ಕಣ್ಣಿಲ್ಲ. ಉಪಮೆ ಇಲ್ಲಿ ಕುಂಟುತ್ತೆ.) ಎರಡೂ ತುದಿ ಹಿಡಿದಿಟ್ಟು, ಎರಡೂ ದಿಕ್ಕಿಗೆ ಕೊಂಡಿ ಹಾಕಿದ್ರೆ ಇದು ಸರಿಹೋಗುತ್ತೆ. ಕಲೆಕ್ಷನ್ಸ್ ಮಾಡ್ಯೂಲಿನ ಡೆಕ್ ಮಾಡೋದು ಅದನ್ನೇ, ಸ್ವಲ್ಪ ಜಾಣತನದಿಂದ. ಒಂದು ಕೊಂಡಿಗೆ ಒಂದೇ ಐಟಂ ಅಲ್ಲ, 64 ಐಟಂ ಹಿಡಿಸೋ ಬ್ಲಾಕ್. ಬಸ್ಸಿಗೆ ಬಸ್ಸು ಹಗ್ಗ ಕಟ್ಟಿದ ಹಾಗೆ. ಮೆಮೊರಿ ಉಳೀತು, ಕ್ಯಾಶ್‌ಗೂ ಅನುಕೂಲ ಆಯ್ತು. ಬಿಎಫ್‌ಎಸ್ ಬರೆಯುವಾಗ ಕ್ಯೂ ಅಂತ ಲಿಸ್ಟ್ ಇಟ್ಕೊಂಡು ಪಾಪ್ ಸೊನ್ನೆ ಮಾಡೋರು ದಯವಿಟ್ಟು ಡೆಕ್‌ಗೆ ಬನ್ನಿ. ಹಾಗೇ ಎಲ್‌ಆರ್‌ಯು ಕ್ಯಾಶ್ ಡೆಕೊರೇಟರ್‌ನ ಪೈಥಾನ್ ಕೋಡ್ ತೆಗೆದು ಓದಿ. ಒಂದು ಡಿಕ್ಷನರಿ, ಅದರ ಜೊತೆ ವೃತ್ತಾಕಾರದ ಡಬ್ಲಿ ಲಿಂಕ್ಡ್ ಲಿಸ್ಟ್. ಯಾವುದನ್ನ ಬಳಸಿ ಬಹಳ ಹೊತ್ತಾಯ್ತು ಅನ್ನೋದನ್ನ ಆ ಸರಪಳಿ ನೆನಪಿಟ್ಟಿರುತ್ತೆ. ಡಿಕ್ಷನರಿಯಿಂದ ನೇರ ಕೊಂಡಿಗೆ ಹಾರಿ, ಅದನ್ನ ಬಿಚ್ಚಿ, ಮುಂದಕ್ಕೆ ತಂದು ಕಟ್ಟುತ್ತೆ. ಅಲ್ಲಿ ನಮ್ಮ ಅಜ್ಜಿಯ ಮಾತಿನ ಸಾಲು ನಿಮಗೆ ಕಾಣಿಸುತ್ತೆ.

ಕನ್ನಡ ಹೆಸರಿಟ್ಟು ಟೈಪ್ ಮಾಡೋರಿಗೆ ಒಂದು ಎಚ್ಚರಿಕೆ, ನನಗೆ ಮುಕ್ಕಾಲು ಗಂಟೆ ತಿಂದ ಎರರ್ ಇದು. ಕ್ಲಾಸಿಗೆ ಮೊದಲು ನಾನು ಸರಪಳಿ ಅಂತ ಇಟ್ಟಿರಲಿಲ್ಲ, ಲಿಂಕ್‌ಲಿಸ್ಟ್ ಅಂತ ಇಟ್ಟಿದ್ದೆ. ಪೈಥಾನ್ ಒಪ್ಪಲಿಲ್ಲ. ಯು ಪ್ಲಸ್ 200ಸಿ ಅನ್ನೋ ಕಾಣದ ಅಕ್ಷರ ಇದೆ ಅಂತು. ನೋಡಿದ್ರೆ ಪರದೆ ಮೇಲೆ ಏನೂ ಇಲ್ಲ. ಆಮೇಲೆ ಗೊತ್ತಾಯ್ತು, ಕ್ ಮತ್ತು ಲಿ ಸೇರಿ ಒತ್ತಕ್ಷರ ಆಗದಿರಲಿ ಅಂತ ಕೀಬೋರ್ಡ್ ಮಧ್ಯೆ ಒಂದು ಅದೃಶ್ಯ ಅಕ್ಷರ ಸೇರಿಸುತ್ತೆ. ಪೈಥಾನ್ ಹೆಸರುಗಳಲ್ಲಿ ಕನ್ನಡದ ಅಕ್ಷರ, ಕಾಗುಣಿತ, ಒತ್ತು ಎಲ್ಲಾ ನಡೆಯುತ್ತೆ, ಅದೊಂದು ನಡೆಯಲ್ಲ. ಹೆಸರಿನ ಮಧ್ಯೆ ಅರ್ಧಾಕ್ಷರ ಒತ್ತಾಗದೆ ನಿಲ್ಲದಂಥ ಪದ ಆರಿಸ್ಕೊಳ್ಳಿ. ಕೊಂಡಿ, ಸರಪಳಿ, ತಲೆ ಬಂದಿದ್ದು ಹೀಗೆ.

ಇಂಟರ್ನಲ್ಸ್ ದಿನ ಚೀಟಿ ಎತ್ತಿದಾಗ ರೂಮ್‌ಮೇಟ್‌ಗೆ ಬಂದಿದ್ದು ಡಿಲೀಟ್ ಇರೋ ಪ್ರೋಗ್ರಾಮೇ. ರಫ್ ಶೀಟಿನಲ್ಲಿ ಮೂರು ಗೊಂಬೆ ಬರೆದು, ಮಧ್ಯದ್ದಕ್ಕೆ ಸೆರಗು ಹಾಕಿದ್ನಂತೆ. ಕೋಡ್ ಓಡಿತು. ವೈವಾದಲ್ಲಿ, ಮುಂದಿನ ಕೊಂಡಿಯ ವಿಳಾಸ ತಗೊಳ್ಳೋ ಮೊದಲೇ ಫ್ರೀ ಮಾಡಿದ್ರೆ ಏನಾಗುತ್ತೆ ಅಂತ ಕೇಳಿದ್ರಂತೆ. ಇವನಿಗೆ ಇಂಗ್ಲಿಷಲ್ಲಿ ಪದ ಸಿಗಲಿಲ್ಲ. "ಸರ್, ಕನ್ನಡದಾಗ ಹೇಳ್ಲ್ಯಾ?" ಅಂದಿದ್ದಾನೆ. ಹೇಳು ಅಂದಿದ್ದಾರೆ. "ಅಜ್ಜಿ ಹೇಳದ ಕೇಳದ ಎದ್ದು ಹೋದಂಗ ಸರ್. ಆಕಿ ಮುಂದ ಯಾರಿದ್ರು ಅಂತ ಇನ್ನ ಯಾರನ್ನ ಕೇಳೂದು?"

ಯಾವ ಅಜ್ಜಿ ಅಂತ ಅವರು ಕೇಳಿದ್ರಂತೆ. ಅದಕ್ಕೆ ಇನ್ನೂ ಐದು ನಿಮಿಷ ಹಿಡೀತಂತೆ.